ಅರ್ಧ ಮಿಲಿಮೀಟರ್ ಬೋರ್ಡಿನಲ್ಲಿ ಮೈಕ್ರೋವೇವ್ ಹೀರಿಸುವುದು: ಮೆಟಾಮೆಟೀರಿಯಲ್ ಅಬ್ಸಾರ್ಬರ್ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ತಾಮ್ರದ ತಗಡಿನ ಮೇಲೆ ಬಿದ್ದ ಮೈಕ್ರೋವೇವ್ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗುತ್ತದೆ. ಅದೇ ತಗಡಿನ ಮುಂದೆ 0.4 ಮಿ.ಮೀ. ದಪ್ಪದ, ಸರ್ಕಿಟ್ ಬೋರ್ಡುಗಳಿಗೆ ಬಳಸುವ ಸಾಮಾನ್ಯ ಎಫ್‌ಆರ್-4 ಹಾಳೆಯಿಟ್ಟು, ಅದರ ಮೇಲೆ 7.2 ಮಿ.ಮೀ. ಬದಿಯ ತಾಮ್ರದ ಚೌಕಗಳನ್ನು 13 ಮಿ.ಮೀ.ಗೆ ಒಂದರಂತೆ ಸಾಲಾಗಿ ಕೂರಿಸಿ. ಈಗ 10 ಗಿಗಾಹರ್ಟ್ಸ್ ಸುತ್ತಮುತ್ತಲಿನ ತರಂಗ ಹಿಂದಿರುಗುವುದಿಲ್ಲ. ಬೋರ್ಡಿನೊಳಗೇ ಶಾಖವಾಗಿ ಕರಗುತ್ತದೆ. ತಾಮ್ರವೂ ಹಳೆಯದೇ, ಎಫ್‌ಆರ್-4 ಕೂಡ ಹಳೆಯದೇ. ಹೊಸತಾಗಿ ಬಂದದ್ದು ಆಕಾರ ಮತ್ತು ಅಂತರ. ವಸ್ತುವಿನ ಗುಣವನ್ನು ಅದರ ರಸಾಯನದಿಂದಲ್ಲ, ನಾವು ಕೊಟ್ಟ ರಚನೆಯಿಂದ ಪಡೆಯುವುದನ್ನೇ ಮೆಟಾಮೆಟೀರಿಯಲ್ ಎನ್ನುತ್ತೇವೆ.

ಎಲೆಕ್ಟ್ರಾನಿಕ್ಸ್ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ, ಎಕ್ಸ್-ಬ್ಯಾಂಡ್ (8ರಿಂದ 12 ಗಿಗಾಹರ್ಟ್ಸ್) ಅಳತೆಯ ಬೆಂಚ್ ಇರುವ ಪ್ರಯೋಗಾಲಯ ನೋಡಿಕೊಳ್ಳುವ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾಗದದ ಮೇಲಿನ ಲೆಕ್ಕದಿಂದ ಅಳತೆಯವರೆಗೆ ಒಂದೇ ಫಲಕವನ್ನು ಹಿಡಿದು ಸಾಗೋಣ. ಪ್ರಾಜೆಕ್ಟ್ ಮಾಡುವವರು ಪದೇಪದೇ ಎಡವುವ ಜಾಗ ಒಂದಿದೆ. ಯಾವುದೋ ಪ್ರಬಂಧದಲ್ಲಿ ಕಂಡ ಚೆಂದದ ಆಕಾರವನ್ನು ಹಾಗೆಯೇ ಎತ್ತಿಕೊಂಡು, ಕೈಗೆ ಸಿಕ್ಕ 1.6 ಮಿ.ಮೀ. ಬೋರ್ಡಿನ ಮೇಲೆ ಮುದ್ರಿಸುತ್ತಾರೆ. ಆಕಾರ ಎರಡನೆಯ ಮಾತು. ಸೋರಿಕೆ ಮತ್ತು ನಷ್ಟಗಳ ಸಮತೋಲನ ಮೊದಲನೆಯದು.

ತರಂಗ ಎಲ್ಲಿ ಹೋಗುತ್ತದೆ

ಫಲಕದಿಂದ ಹಿಂದಕ್ಕೆ ಬರುವ ತರಂಗ ಎರಡು ಪಾಲಿನದು. ಒಂದು, ಹಿಂಬದಿಯ ತಾಮ್ರದಿಂದ ನೇರ ಪ್ರತಿಫಲಿಸಿದ್ದು. ಇನ್ನೊಂದು, ಚೌಕಗಳು ತಾವೇ ಕಂಪಿಸಿ ಮರಳಿ ಸೂಸಿದ್ದು. ಪ್ರತಿಯೊಂದು ಚೌಕವೂ ಕೆಳಗಿನ ತಾಮ್ರದ ಜೊತೆ ಸೇರಿ ಒಂದು ಪುಟ್ಟ ಅನುರಣಕವಾಗುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ, ತನಗೆ ಹೊಂದುವ ಕಂಪನಾಂಕದಲ್ಲಿ ಮಾತ್ರ ಜೋರಾಗಿ ತೂಗುತ್ತದೆ.

ಬೋರ್ಡಿನಲ್ಲಿ ನಷ್ಟವೇ ಇಲ್ಲವೆಂದುಕೊಳ್ಳಿ. ಅನುರಣನದಲ್ಲಿ ಚೌಕಗಳು ಸೂಸುವ ತರಂಗದ ಎತ್ತರ ನೇರ ಪ್ರತಿಫಲನದ ಎರಡರಷ್ಟಿರುತ್ತದೆ, ಚಿಹ್ನೆ ಮಾತ್ರ ವಿರುದ್ಧ. ಎರಡನ್ನೂ ಕೂಡಿದರೆ ತರಂಗ ಪೂರ್ತಿಯಾಗಿಯೇ ಹಿಂದಿರುಗುತ್ತದೆ, ಫೇಸ್ (ಅಲೆಯ ಏರಿಳಿತದ ಹಂತ) ಮಾತ್ರ ತಿರುವುಮುರುವಾಗಿರುತ್ತದೆ. ಈಗ ಬೋರ್ಡಿಗೆ ಸ್ವಲ್ಪ ನಷ್ಟ ಸೇರಿಸಿ. ಚೌಕದಿಂದ ಗಾಳಿಗೆ ಸೋರುವ ಶಕ್ತಿ ಎಷ್ಟೋ, ಬೋರ್ಡಿನಲ್ಲಿ ಶಾಖವಾಗುವ ಶಕ್ತಿಯೂ ಅಷ್ಟೇ ಆದ ಘಳಿಗೆಯಲ್ಲಿ ಆ ಎರಡರಷ್ಟು ಇಳಿದು ಒಂದರಷ್ಟಾಗುತ್ತದೆ. ನೇರ ಪ್ರತಿಫಲನವನ್ನು ಅದು ಸರಿಯಾಗಿ ಅಳಿಸುತ್ತದೆ. ಹಿಂದೆ ತಾಮ್ರ ಇರುವುದರಿಂದ ಆಚೆಗೂ ದಾರಿಯಿಲ್ಲ. ತರಂಗಕ್ಕೆ ಉಳಿಯುವುದು ಒಳಗೇ ಮುಗಿಯುವ ದಾರಿಯೊಂದೇ.

ಹಾಗಾಗಿ ನಷ್ಟ ಹೆಚ್ಚಾದಷ್ಟೂ ಹೀರಿಕೆ ಹೆಚ್ಚು ಎಂಬ ಊಹೆ ತಪ್ಪು. ನಷ್ಟ ಸೋರಿಕೆಗಿಂತ ಮೇಲೇರಿದರೆ ಚೌಕ ತೂಗುವುದೇ ಕಡಿಮೆಯಾಗಿ, ಬೋರ್ಡ್ ಮತ್ತೆ ಬರಿಯ ತಗಡಿನಂತೆ ವರ್ತಿಸತೊಡಗುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜಗದೀಶ್ ಚಂದ್ರ ಬೋಸ್ 1898ರಲ್ಲೇ ಹುರಿಗೊಳಿಸಿದ ಸೆಣಬಿನ ಎಳೆಗಳಿಂದ ವಿದ್ಯುತ್ಕಾಂತೀಯ ತರಂಗದ ಧ್ರುವೀಕರಣವನ್ನು (ವಿದ್ಯುತ್ ಕ್ಷೇತ್ರ ಆಡುವ ದಿಕ್ಕನ್ನು) ತಿರುಗಿಸಿ ತೋರಿಸಿದ್ದರು. ರಚನೆಯಿಂದ ಗುಣ ಪಡೆಯುವ ಕೆಲಸದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು, ನಮ್ಮ ತರಗತಿಗಳಲ್ಲಿ ಅದನ್ನು ಇನ್ನಷ್ಟು ಹೇಳಬೇಕು ಅನ್ನಿಸುತ್ತದೆ. 1967ರಲ್ಲಿ ಸೋವಿಯತ್ ಭೌತವಿಜ್ಞಾನಿ ವೆಸೆಲಾಗೊ ಋಣ ವಕ್ರೀಭವನದ, ಅಂದರೆ ತರಂಗ ಎಂದಿನದಕ್ಕೆ ವಿರುದ್ಧ ಕಡೆಗೆ ಬಾಗುವ ಮಾಧ್ಯಮದ ಸಿದ್ಧಾಂತ ಬರೆದರು. 1999ರಲ್ಲಿ ಬ್ರಿಟನ್ನಿನ ಜಾನ್ ಪೆಂಡ್ರಿ ತಂಡ ಅದಕ್ಕೆ ಬೇಕಾದ ಸೀಳುಂಗುರಗಳನ್ನು (ಒಂದು ಕಡೆ ಸೀಳಿರುವ ಲೋಹದ ಉಂಗುರಗಳು) ಸೂಚಿಸಿತು, 2000ದಲ್ಲಿ ಸ್ಯಾನ್ ಡಿಯಾಗೋದಲ್ಲಿ ಡೇವಿಡ್ ಸ್ಮಿತ್ ಮತ್ತು ಸಂಗಡಿಗರು ಅಂಥ ಮಾಧ್ಯಮವನ್ನು ಕಟ್ಟಿದರು, 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೈಕ್ರೋವೇವ್‌ಗೆ ವಸ್ತುವನ್ನು ಮರೆಮಾಡುವ ಕವಚ ಬಂತು. ನಮ್ಮ ಫಲಕದ ಹಿರಿಯಣ್ಣ 2008ರದು: ಲ್ಯಾಂಡಿ ಮತ್ತು ಸಂಗಡಿಗರ ಅಬ್ಸಾರ್ಬರ್. ಸಿಮ್ಯುಲೇಷನ್ನಿನಲ್ಲಿ 96% ಹೀರಿಕೆ ತೋರಿದ ಅವರ ಮಾದರಿ, ಅಳತೆಯಲ್ಲಿ 11.5 ಗಿಗಾಹರ್ಟ್ಸ್ ಬಳಿ 88% ದಾಟಿತು. ಲೆಕ್ಕಕ್ಕೂ ಅಳತೆಗೂ ನಡುವಿನ ಆ ಅಂತರವನ್ನು ಅವರು ಹಾಗೆಯೇ ಪ್ರಕಟಿಸಿದ್ದಾರೆ. ನಿಮ್ಮ ವರದಿಯಲ್ಲೂ ಹಾಗೆಯೇ ಬರಲಿ.

ಹೆಜ್ಜೆ 1: ಕಂಪನಾಂಕವನ್ನು ಬೆಂಚ್ ನೋಡಿ ಆರಿಸಿ

ಅಳೆಯಲಾಗದ ಕಂಪನಾಂಕಕ್ಕೆ ವಿನ್ಯಾಸ ಮಾಡಬೇಡಿ. ಪ್ರಯೋಗಾಲಯದಲ್ಲಿ ಗನ್ ಡಯೋಡ್ ಮೈಕ್ರೋವೇವ್ ಹುಟ್ಟಿಸುವ ಬೆಂಚ್ ಇದ್ದರೆ 10 ಗಿಗಾಹರ್ಟ್ಸ್ ಆರಾಮ. ಇರುವುದು 2ಕೆ25 ಕ್ಲೈಸ್ಟ್ರಾನ್ (ಹಳೆಯ ಮೈಕ್ರೋವೇವ್ ನಳಿಕೆ) ಆದರೆ ಅದು ಸುಮಾರು 8.5ರಿಂದ 9.6 ಗಿಗಾಹರ್ಟ್ಸ್ ನಡುವೆ ಮಾತ್ರ ಓಡುತ್ತದೆ, ಆಗ 9 ಇಟ್ಟುಕೊಳ್ಳಿ. ಮುಂದೆ ಬರುವ ಲೆಕ್ಕವನ್ನು 10ಕ್ಕೆ ಮಾಡಿದ್ದೇನೆ. ಗಾಳಿಯಲ್ಲಿ ತರಂಗಾಂತರ 30 ಮಿ.ಮೀ.

ಹೆಜ್ಜೆ 2: ಚೌಕದ ಬದಿ

ಬೋರ್ಡಿನೊಳಗಿನ ಅರ್ಧ ತರಂಗಾಂತರವೇ ಚೌಕದ ಬದಿ. ಎಫ್‌ಆರ್-4ರ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು (ವಸ್ತು ತರಂಗವನ್ನು ಎಷ್ಟು ನಿಧಾನಿಸುತ್ತದೆ ಎಂಬುದರ ಅಳತೆ) 4.3 ಎಂದು ಹಿಡಿದರೆ ಅದರ ವರ್ಗಮೂಲ ಸುಮಾರು 2.07. ಗಾಳಿಯ ಅರ್ಧ ತರಂಗಾಂತರ 15 ಮಿ.ಮೀ.ಯನ್ನು 2.07ರಿಂದ ಭಾಗಿಸಿ: 7.2 ಮಿ.ಮೀ. ಪ್ಯಾಚ್ ಆಂಟೆನಾ ಪಾಠದಲ್ಲಿ ಬರುವ ಅಂಚಿನ ತಿದ್ದುಪಡಿಗಳನ್ನೆಲ್ಲ ಸೇರಿಸಿ ಮಾಡಿದರೂ ಇಷ್ಟು ತೆಳು ಬೋರ್ಡಿಗೆ ಉತ್ತರ 7.2ರಲ್ಲೇ ನಿಲ್ಲುತ್ತದೆ. ಪರಿಣಾಮಕಾರಿ ಸ್ಥಿರಾಂಕ ಇಳಿದು ಬದಿ ಬೆಳೆಯುವಷ್ಟನ್ನೇ ಅಂಚಿನ ಕ್ಷೇತ್ರ ಕಡಿಮೆ ಮಾಡುತ್ತದೆ.

ವೃತ್ತ, ಉಂಗುರ, ಸೀಳುಂಗುರ ಏಕೆ ಬೇಡ? ಬೇಡವೆಂದಲ್ಲ. ಉಂಗುರದಲ್ಲಿ ವಿದ್ಯುತ್ತು ಸುತ್ತಿ ಹರಿಯುವುದರಿಂದ ಅದೇ ಕಂಪನಾಂಕಕ್ಕೆ ಘಟಕ ಚಿಕ್ಕದಾಗುತ್ತದೆ. ಘಟಕವು ತರಂಗಾಂತರಕ್ಕಿಂತ ತುಂಬಾ ಚಿಕ್ಕದಿರಬೇಕು ಎನ್ನುವ ಕಟ್ಟುನಿಟ್ಟಿನವರಿಗೆ ಅದೇ ಒಳ್ಳೆಯದು. ಆದರೆ ಮೊದಲ ಫಲಕಕ್ಕೆ ಚೌಕವೇ ಸರಿ. ಬದಲಿಸಬೇಕಾದ ಅಳತೆ ಒಂದೇ, ತಪ್ಪು ಎಲ್ಲಿ ನುಸುಳಿತು ಎಂದು ಹುಡುಕುವುದು ಸುಲಭ, ಅಡ್ಡ-ಲಂಬ ಎರಡೂ ಧ್ರುವೀಕರಣಕ್ಕೆ ಒಂದೇ ರೀತಿ ವರ್ತಿಸುತ್ತದೆ.

ಹೆಜ್ಜೆ 3: ಅಂತರ ಮತ್ತು ದಪ್ಪ, ಇಡೀ ಕೆಲಸದ ತಿರುಳು

ಬೋರ್ಡಿನ ನಷ್ಟವನ್ನು ಕ್ಯೂ ಎಂಬ ಸಂಖ್ಯೆಯಲ್ಲಿ ಹೇಳೋಣ, ನಷ್ಟ ಕಡಿಮೆಯಾದಷ್ಟೂ ಕ್ಯೂ ದೊಡ್ಡದು. ಎಫ್‌ಆರ್-4ರ ಲಾಸ್ ಟ್ಯಾಂಜೆಂಟ್ (ವಸ್ತುವಿನೊಳಗೆ ಶಾಖವಾಗುವ ಪಾಲಿನ ಅಳತೆ) ಸುಮಾರು 0.02. ತಾಮ್ರದ ಪಾಲು ಇದರ ಮುಂದೆ ಸಣ್ಣದು: 10 ಗಿಗಾಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ (ವಿದ್ಯುತ್ತು ತಾಮ್ರದೊಳಗೆ ಇಳಿಯುವ ಆಳ) 0.66 ಮೈಕ್ರಾನ್, ಅದನ್ನು 400 ಮೈಕ್ರಾನ್ ದಪ್ಪದಿಂದ ಭಾಗಿಸಿದರೆ 0.0017. ಎರಡನ್ನೂ ಕೂಡಿ ತಲೆಕೆಳಗೆ ಮಾಡಿದರೆ ನಷ್ಟದ ಕ್ಯೂ ಸುಮಾರು 46.

ಇನ್ನು ಸೋರಿಕೆ. ಬೋರ್ಡ್ ದಪ್ಪವಾದಷ್ಟೂ ಚೌಕದ ಅಂಚಿನಿಂದ ಹೆಚ್ಚು ಸೋರುತ್ತದೆ. ಚೌಕಗಳು ದೂರದೂರ ಇದ್ದಷ್ಟೂ ಪ್ರತಿ ಚದರ ಸೆಂಟಿಮೀಟರಿಗೆ ಸೋರಿಕೆ ಕಡಿಮೆ. ಪ್ಯಾಚ್‌ನ ಒಳಗಿನ ಕ್ಷೇತ್ರವನ್ನೂ ಅದು ಸೂಸುವ ಸಮತಲ ತರಂಗವನ್ನೂ ಲೆಕ್ಕ ಹಾಕಿದರೆ, ಸೋರಿಕೆ ಮತ್ತು ನಷ್ಟ ಸಮವಾಗುವ ಅಂತರಕ್ಕೆ ಸರಳವಾದ ಅಂದಾಜು ಸಿಗುತ್ತದೆ:

ಅಂತರದ ವರ್ಗ = (4 × ದಪ್ಪ × ಕ್ಯೂ × ತರಂಗಾಂತರ) ÷ (3.14 × ಡೈಎಲೆಕ್ಟ್ರಿಕ್ ಸ್ಥಿರಾಂಕ)

ಅಂತರ ಎಂದರೆ ಒಂದು ಚೌಕದ ನಡುವಿನಿಂದ ಪಕ್ಕದ ಚೌಕದ ನಡುವಿಗೆ ಇರುವ ದೂರ. 0.4 ಮಿ.ಮೀ. ದಪ್ಪಕ್ಕೆ: 4 × 0.4 × 46 × 30 = 2208. ಅದನ್ನು 13.5ರಿಂದ ಭಾಗಿಸಿದರೆ ಸುಮಾರು 163, ವರ್ಗಮೂಲ 12.8. 13 ಎಂದು ಇಟ್ಟುಕೊಳ್ಳಿ. ಇದು ಅರ್ಧ ತರಂಗಾಂತರಕ್ಕಿಂತ ಕಡಿಮೆ ಇರುವುದರಿಂದ ಬೇರೆ ದಿಕ್ಕುಗಳಿಗೆ ಪ್ರತಿಫಲನ ಹಾರುವ ಭಯವೂ ಇಲ್ಲ.

ಇದೇ ಸೂತ್ರಕ್ಕೆ 0.8 ಮಿ.ಮೀ. ಹಾಕಿ, ಕ್ಯೂವನ್ನೂ ಆ ದಪ್ಪಕ್ಕೆ ಹೊಸದಾಗಿ ಲೆಕ್ಕ ಹಾಕಿ ನೋಡಿ, ಅಂತರ 18.5 ಮಿ.ಮೀ. ಬರುತ್ತದೆ. 1.6 ಮಿ.ಮೀ.ಗೆ 26 ದಾಟುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಇಡೀ ತರಂಗಾಂತರ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 1.6 ಮಿ.ಮೀ. ಬೋರ್ಡಿನ ಮೇಲೆ ಇದೇ ಚೌಕಗಳನ್ನು 13 ಮಿ.ಮೀ. ಅಂತರದಲ್ಲಿ ಮುದ್ರಿಸಿದರೆ ಸೋರಿಕೆ ನಷ್ಟದ ನಾಲ್ಕರಷ್ಟಾಗಿ, ಹೀರಿಕೆ ಮೂರನೇ ಎರಡು ಭಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಷ್ಟೋ ಪ್ರಾಜೆಕ್ಟುಗಳು ಕೊನೆಯ ತಿಂಗಳಲ್ಲಿ ಕೈಕೊಡುವುದು ಇಲ್ಲೇ, ಆಕಾರದಲ್ಲಲ್ಲ.

ಹೆಜ್ಜೆ 4: ಸಿಮ್ಯುಲೇಷನ್

ಸಿಎಸ್‌ಟಿ ಅಥವಾ ಎಚ್‌ಎಫ್‌ಎಸ್‌ಎಸ್ ಸಿಮ್ಯುಲೇಷನ್ ತಂತ್ರಾಂಶದ ಲೈಸೆನ್ಸ್ ಇದ್ದರೆ ಒಂದೇ ಘಟಕವನ್ನು ಬರೆದು, ನಾಲ್ಕೂ ಬದಿಗೆ ಪೀರಿಯಾಡಿಕ್ ಗಡಿ (ಅದೇ ಘಟಕ ಕೊನೆಯಿಲ್ಲದೆ ಮರುಕಳಿಸುತ್ತದೆ ಎಂಬ ಷರತ್ತು), ಮೇಲೆ ಫ್ಲೋಕೇ ಪೋರ್ಟ್ (ತರಂಗ ಬಂದುಹೋಗುವ ಬಾಗಿಲು) ಕೊಡಿ. ಇಲ್ಲದವರಿಗೆ ಓಪನ್‌ಇಎಂಎಸ್ ಉಚಿತ. ನೇರವಾಗಿ ಬೀಳುವ ತರಂಗ ಮತ್ತು ಚೌಕದಂಥ ಸಮಮಿತಿಯ ಆಕಾರಕ್ಕೆ ಪೀರಿಯಾಡಿಕ್ ಗಡಿಯೂ ಬೇಕಿಲ್ಲ: ವಿದ್ಯುತ್ ಕ್ಷೇತ್ರಕ್ಕೆ ಲಂಬವಾದ ಎರಡು ಗೋಡೆಗಳನ್ನು ಪರಿಪೂರ್ಣ ವಾಹಕವೆಂದೂ, ಉಳಿದೆರಡನ್ನು ಪರಿಪೂರ್ಣ ಕಾಂತೀಯ ಗೋಡೆಯೆಂದೂ ಇಟ್ಟರೆ ಅದೇ ಉತ್ತರ ಬರುತ್ತದೆ. 0.4 ಮಿ.ಮೀ. ದಪ್ಪವನ್ನು ಮೆಶ್‌ನಲ್ಲಿ ಕನಿಷ್ಠ ನಾಲ್ಕು ಪದರವಾಗಿ ಸೀಳಿ, ಚೌಕದ ಅಂಚುಗಳ ಬಳಿ ಇನ್ನೂ ನವುರಾಗಿಸಿ.

ಫಲಿತಾಂಶ ನೋಡುವ ಮೊದಲು ಎರಡು ತಾಳೆಪರೀಕ್ಷೆ ಮಾಡಿ. ಚೌಕವನ್ನು ತೆಗೆದು ಓಡಿಸಿ: ಪ್ರತಿಫಲನ ಹೆಚ್ಚುಕಡಿಮೆ ಪೂರ್ತಿ ಇರಬೇಕು. ಚೌಕ ಇಟ್ಟು, ಲಾಸ್ ಟ್ಯಾಂಜೆಂಟ್ ಸೊನ್ನೆ ಮಾಡಿ, ತಾಮ್ರವನ್ನೂ ಪರಿಪೂರ್ಣ ವಾಹಕವೆಂದಿಟ್ಟು ಓಡಿಸಿ: ಹೀರಿಕೆ ಮಾಯವಾಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಗಡಿ ಅಥವಾ ಪೋರ್ಟ್‌ನಲ್ಲಿ ದೋಷವಿದೆ, ಮುಂದೆ ಹೋಗಬೇಡಿ.

ಆಮೇಲೆ ಅಂತರವನ್ನು 11ರಿಂದ 16 ಮಿ.ಮೀ.ವರೆಗೆ ಬದಲಿಸುತ್ತಾ ಹೋಗಿ. ಇಲ್ಲಿ ಪ್ರತಿಫಲನದ ರೇಖೆ ಅನುರಣನದಲ್ಲಿ ಇಳಿಯುವ ತಗ್ಗಿನ ಆಳವನ್ನಷ್ಟೇ ನೋಡಿದರೆ ಯಾವ ಕಡೆಗೆ ಸರಿಯಬೇಕೆಂಬುದು ತಿಳಿಯುವುದಿಲ್ಲ. ಪ್ರತಿಫಲನದ ಫೇಸ್ ನೋಡಿ. ಅನುರಣನದ ಮೂಲಕ ಹಾಯುವಾಗ ಫೇಸ್ ಪೂರ್ತಿ 360 ಡಿಗ್ರಿ ಸುತ್ತಿದರೆ, ಸ್ಮಿತ್ ಚಾರ್ಟಿನಲ್ಲಿ (ಪ್ರತಿಫಲನದ ಎತ್ತರ, ಫೇಸ್ ಎರಡನ್ನೂ ತೋರಿಸುವ ದುಂಡು ನಕ್ಷೆ) ಮೂಡುವ ವೃತ್ತ ನಡುಬಿಂದುವನ್ನು ಒಳಗೆ ಹಾಕಿಕೊಂಡಿದ್ದರೆ, ಸೋರಿಕೆ ಹೆಚ್ಚು: ಅಂತರ ಹಿಗ್ಗಿಸಿ ಅಥವಾ ಬೋರ್ಡ್ ತೆಳುಮಾಡಿ. ಫೇಸ್ ಸ್ವಲ್ಪ ಅಲುಗಿ ಮರಳಿ ಬಂದರೆ, ವೃತ್ತ ನಡುಬಿಂದುವನ್ನು ಹೊರಗೆ ಬಿಟ್ಟಿದ್ದರೆ, ನಷ್ಟ ಹೆಚ್ಚು: ಅಂತರ ಕುಗ್ಗಿಸಿ. ವೃತ್ತ ನಡುಬಿಂದುವಿನ ಮೇಲೆಯೇ ಹಾದಾಗ ಫಲಕದ ಇಂಪೀಡೆನ್ಸ್ ಗಾಳಿಯ 377 ಓಮ್‌ಗೆ ಹೊಂದಿದೆ ಎಂದರ್ಥ.

ಹೀರುವ ಕಂಪನಾಂಕಗಳ ಪಟ್ಟಿಯ ಅಗಲದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಸೋರಿಕೆ ಮತ್ತು ನಷ್ಟ ಸಮವಿರುವುದರಿಂದ ಒಟ್ಟು ಕ್ಯೂ 46ರ ಅರ್ಧ, ಅಂದರೆ 23. ಅರ್ಧದಷ್ಟು ಹೀರುವ ಪಟ್ಟಿ ಸುಮಾರು 430 ಮೆಗಾಹರ್ಟ್ಸ್. 90%ಗಿಂತ ಮೇಲಿನದು 145 ಮೆಗಾಹರ್ಟ್ಸ್ ಅಷ್ಟೇ. ತೆಳುವಾದದ್ದಕ್ಕೆ ತೆರುವ ಬೆಲೆ ಇದು.

ಹೆಜ್ಜೆ 5: ಫಲಕ ಮಾಡಿಸುವುದು

15 × 15 ಚೌಕಗಳು, ಒಟ್ಟು 195 ಮಿ.ಮೀ. ಬದಿಯ ಫಲಕ ಸಾಕು. ಪಿಸಿಬಿ ಮಾಡುವವರಿಗೆ ಗರ್ಬರ್ ಕಡತದ (ಬೋರ್ಡಿನ ಚಿತ್ರವಿರುವ ಫೈಲ್) ಜೊತೆ ಮೂರು ಮಾತು ಬರೆದು ಕೊಡಿ: ಎಫ್‌ಆರ್-4, 0.4 ಮಿ.ಮೀ., ಎರಡೂ ಬದಿ 35 ಮೈಕ್ರಾನ್ ತಾಮ್ರ. ಹಿಂಬದಿ ಪೂರ್ತಿ ತಾಮ್ರ. ಮುಂಬದಿಗೆ ಹಸಿರು ಸೋಲ್ಡರ್ ಮಾಸ್ಕ್ ಬೇಡ. ಮಾಸ್ಕ್ ಇದ್ದರೆ ಕಂಪನಾಂಕ ಸ್ವಲ್ಪ ಕೆಳಗಿಳಿಯುತ್ತದೆ. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ತಾಮ್ರದ ಲ್ಯಾಮಿನೇಟ್ ಸಿಗುತ್ತದೆ, ಆದರೆ ಕೊಳ್ಳುವಾಗ ವರ್ನಿಯರ್ ಒಯ್ದು ದಪ್ಪ ಅಳೆಯಿರಿ.

ಒಂದೇ ಫಲಕ ಮಾಡಿಸಿ ಕೈಮುಗಿಯಬೇಡಿ. ಬದಿ 7.0, 7.2, 7.4 ಇರುವ ಮೂರು ಮಾಡಿಸಿ. ಬದಿ 0.1 ಮಿ.ಮೀ. ಬದಲಾದರೆ ಕಂಪನಾಂಕ 140 ಮೆಗಾಹರ್ಟ್ಸ್ ಸರಿಯುತ್ತದೆ. ಎಫ್‌ಆರ್-4ರ ಸ್ಥಿರಾಂಕವೂ ತಯಾರಕರಿಂದ ತಯಾರಕರಿಗೆ ಬೇರೆ, 4.3ರ ಬದಲು 4.5 ಬಂದರೆ 225 ಮೆಗಾಹರ್ಟ್ಸ್ ಕೆಳಗೆ. 145 ಮೆಗಾಹರ್ಟ್ಸ್‌ನ ಪಟ್ಟಿಗೆ ಇವೆರಡೂ ದೊಡ್ಡ ಮೊತ್ತ.

ಬೇಡದ ತಾಮ್ರವನ್ನು ದ್ರಾವಣದಿಂದ ಕರಗಿಸುವ ಎಚಿಂಗ್ ಅನ್ನು ಕೈಯಲ್ಲೇ ಮಾಡುವವರು ಹಿಂಬದಿಯ ತಾಮ್ರಕ್ಕೆ ಮೊದಲು ಅಗಲ ಟೇಪ್ ಅಂಟಿಸಿ, ಇಲ್ಲವಾದರೆ ಫೆರಿಕ್ ಕ್ಲೋರೈಡ್ ಅದನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ತಟ್ಟೆಯನ್ನೇ ಬಳಸಿ, ಕೈಗವಸು ಹಾಕಿಕೊಳ್ಳಿ, ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಬೇಡಿ. ಲೇಸರ್ ಪ್ರಿಂಟ್ ತೆಗೆದ ಮೇಲೆ 100 ಮಿ.ಮೀ. ಗೆರೆಯೊಂದನ್ನು ಸ್ಕೇಲಿಟ್ಟು ನೋಡಿ. ಪ್ರಿಂಟರ್ 1% ಹಿಗ್ಗಿಸಿದರೆ 100 ಮೆಗಾಹರ್ಟ್ಸ್ ಕೈಬಿಟ್ಟಂತೆ. ದ್ರಾವಣ ಅಂಚಿನ ಕೆಳಗೂ ಕೊರೆಯುತ್ತದೆ. ಸ್ಥೂಲವಾಗಿ ತಾಮ್ರದ ದಪ್ಪದಷ್ಟೇ ಎರಡೂ ಕಡೆ ಕೊರೆದರೆ 7.2 ಇದ್ದದ್ದು 7.13 ಆಗಿ ತಗ್ಗು 10.1ಕ್ಕೆ ಏರುತ್ತದೆ. ಚಿತ್ರ ಬರೆಯುವಾಗಲೇ 0.07 ಮಿ.ಮೀ. ಹೆಚ್ಚು ಇಟ್ಟುಕೊಳ್ಳಿ.

0.4 ಮಿ.ಮೀ. ಬೋರ್ಡ್ ಹಪ್ಪಳದಂತೆ ಬಾಗುತ್ತದೆ. ಚಪ್ಪಟೆಯಾದ ಅಕ್ರಿಲಿಕ್ ಅಥವಾ ಪ್ಲೈವುಡ್‌ಗೆ ಹಿಂಬದಿಯನ್ನು ಅಂಟಿಸಿಬಿಡಿ. ತಾಮ್ರದ ಹಿಂದೆ ಏನಿದೆ ಎಂಬುದು ತರಂಗಕ್ಕೆ ಕಾಣುವುದೇ ಇಲ್ಲ.

ಹೆಜ್ಜೆ 6: ಅಳತೆ

ಇದೇ ಗಾತ್ರದ ಬರಿ ತಾಮ್ರದ ಫಲಕ ಒಂದು ಬೇಕು. ಅದೇ ನಿಮ್ಮ ತಕ್ಕಡಿಯ ಬಟ್ಟು. ಮೈಕ್ರೋವೇವ್ ಕಳಿಸುವ ಮತ್ತು ಪಡೆಯುವ ಎರಡು ಹಾರ್ನ್‌ಗಳನ್ನು ಫಲಕದಿಂದ ಒಂದು ಮೀಟರಿಗೂ ಹೆಚ್ಚು ದೂರದಲ್ಲಿ, ಲಂಬ ರೇಖೆಯ ಎಡಬಲಕ್ಕೆ ತಲಾ 10 ಡಿಗ್ರಿಯಲ್ಲಿ ನಿಲ್ಲಿಸಿ. ಒಂದಕ್ಕೆ ಗನ್ ಆಸಿಲೇಟರ್, ಪಿನ್ ಮಾಡ್ಯುಲೇಟರ್, ಅಟೆನ್ಯುಯೇಟರ್, ಫ್ರೀಕ್ವೆನ್ಸಿ ಮೀಟರ್. ಇನ್ನೊಂದಕ್ಕೆ ಕ್ರಿಸ್ಟಲ್ ಡಿಟೆಕ್ಟರ್ ಮತ್ತು ವಿಎಸ್‌ಡಬ್ಲ್ಯುಆರ್ ಮೀಟರ್. 1 ಕಿಲೋಹರ್ಟ್ಸ್ ಚೌಕ ತರಂಗದ ಮಾಡ್ಯುಲೇಷನ್ ಸಾಕು. ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಸಿಕ್ಕರೆ ಇನ್ನೂ ಒಳ್ಳೆಯದು, ತಡವಾಗಿ ಬಂದ ತರಂಗವನ್ನು ಲೆಕ್ಕದಿಂದ ಬಿಡುವ ಟೈಮ್ ಗೇಟಿಂಗ್‌ನಿಂದ ಗೋಡೆಯ ಪ್ರತಿಫಲನ ಕತ್ತರಿಸಬಹುದು. ಅಲೆಮಾರ್ಗದ (ತರಂಗ ಸಾಗುವ ಲೋಹದ ಕೊಳವೆ) ತೆರೆದ ಬಾಯಿಯೊಳಗೆ ಕಣ್ಣಿಟ್ಟು ನೋಡಬಾರದು, ಶಕ್ತಿ ಎಷ್ಟೇ ಕಡಿಮೆ ಇರಲಿ.

ಪ್ರತಿ ಕಂಪನಾಂಕದಲ್ಲೂ ಮೂರು ಓದು ಬರೆದುಕೊಳ್ಳಿ: ತಾಮ್ರದ ಫಲಕ, ನಿಮ್ಮ ಫಲಕ, ಬರಿ ಸ್ಟ್ಯಾಂಡ್. ಮೊದಲೆರಡರ ಡೆಸಿಬೆಲ್ ವ್ಯತ್ಯಾಸವೇ ಉತ್ತರ. 3 ಡೆಸಿಬೆಲ್ ಇಳಿದರೆ ಅರ್ಧ ಹೀರಿತು, 10 ಇಳಿದರೆ 90%, 20 ಇಳಿದರೆ 99%. ಮೂರನೆಯ ಓದನ್ನು ಬಹಳ ಜನ ಬಿಡುತ್ತಾರೆ, ಅದೇ ಮುಖ್ಯ. ಬರಿ ಸ್ಟ್ಯಾಂಡ್ ಇದ್ದಾಗ ಮೀಟರ್ ತಾಮ್ರಕ್ಕಿಂತ 15 ಡೆಸಿಬೆಲ್ ಮಾತ್ರ ಕೆಳಗಿದ್ದರೆ, ಹಾರ್ನ್‌ನಿಂದ ಹಾರ್ನ್‌ಗೆ ನೇರವಾಗಿ ಅಷ್ಟು ದಾಟುತ್ತಿದೆ ಎಂದರ್ಥ. ಆಗ 20 ಡೆಸಿಬೆಲ್ ತಗ್ಗು ಕಂಡರೂ ನಂಬಬಾರದು. ದಾಟಿ ಬಂದದ್ದೂ ಪ್ರತಿಫಲನವೂ ಒಂದನ್ನೊಂದು ಅಳಿಸಿ ಸುಳ್ಳು ತಗ್ಗು ಮಾಡಿರಬಹುದು. ಹಾರ್ನ್‌ಗಳ ನಡುವೆ ಹೀರುವ ಫೋಮ್ ಇಡಿ, ಫಲಕವನ್ನು ಕಾಲು ತರಂಗಾಂತರ, ಅಂದರೆ 7.5 ಮಿ.ಮೀ., ಹಿಂದೆ ಸರಿಸಿ ಮತ್ತೆ ಅಳೆಯಿರಿ. ನಿಜವಾದ ತಗ್ಗು ಅಲ್ಲೇ ಇರುತ್ತದೆ, ಸುಳ್ಳು ತಗ್ಗು ಕರಗುತ್ತದೆ.

ಇನ್ನೊಂದು ಪರೀಕ್ಷೆ: ಪಡೆಯುವ ಹಾರ್ನ್ ಅನ್ನು 90 ಡಿಗ್ರಿ ತಿರುಗಿಸಿ ಅಳೆಯಿರಿ. ಚೌಕಕ್ಕೆ ಅಲ್ಲೇನೂ ಸಿಗಬಾರದು. ಆದರೆ ಓರೆ ಸಮಮಿತಿಯ ವಿಚಿತ್ರ ಆಕಾರಗಳು ತರಂಗವನ್ನು ಹೀರದೆ, ಧ್ರುವೀಕರಣ ತಿರುಗಿಸಿ ವಾಪಸು ಕಳಿಸುತ್ತವೆ. ಒಂದೇ ಧ್ರುವೀಕರಣದಲ್ಲಿ ಅಳೆದವರಿಗೆ ಅದು ಅದ್ಭುತ ಅಬ್ಸಾರ್ಬರ್‌ನಂತೆ ಕಾಣುತ್ತದೆ. ಈ ಪರೀಕ್ಷೆಯಿಲ್ಲದೆ 99% ಎಂದು ಬರೆದ ವರದಿಗೆ ನಾನಂತೂ ಸಹಿ ಹಾಕುವುದಿಲ್ಲ.

ಹೆಜ್ಜೆ 7: ತಾಳೆಯಾಗದಿದ್ದರೆ

ತಗ್ಗು ಸರಿಯಾದ ಆಳದಲ್ಲಿದ್ದು ಜಾಗ ತಪ್ಪಿದ್ದರೆ ವರ್ನಿಯರಿನಿಂದ ಹತ್ತು ಚೌಕಗಳ ಬದಿ ಅಳೆಯಿರಿ. ಬದಿ ಸರಿಯಿದ್ದರೆ ಅಪರಾಧಿ ಬೋರ್ಡಿನ ಸ್ಥಿರಾಂಕ. ಅಳೆದ ಕಂಪನಾಂಕದಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ನಿಜವಾದ ಬೆಲೆ ಪಡೆಯಿರಿ, ಮುಂದಿನ ಫಲಕಕ್ಕೆ ಅದನ್ನೇ ಬಳಸಿ. ನಮ್ಮ ಬೆಂಚಿನ ಅತ್ಯಂತ ನಂಬಿಕಸ್ಥ ಸಂಖ್ಯೆಗಳು ಸಿಕ್ಕಿದ್ದು ಹೀಗೆ, ದತ್ತಾಂಶ ಹಾಳೆಗಳಿಂದಲ್ಲ. ಜಾಗ ಸರಿಯಿದ್ದು ಆಳ ಸಾಲದಿದ್ದರೆ ದಪ್ಪ ಅಥವಾ ಲಾಸ್ ಟ್ಯಾಂಜೆಂಟ್ ನೀವೆಣಿಸಿದಂತಿಲ್ಲ, ಹೆಜ್ಜೆ 3ಕ್ಕೆ ಮರಳಿ. ಒಂದರ ಬದಲು ಎರಡು ಮೊಂಡು ತಗ್ಗು ಕಂಡರೆ ಫಲಕ ಬಾಗಿದೆಯೇ, ಎಚಿಂಗ್ ಒಂದು ಮೂಲೆಯಲ್ಲಿ ಹೆಚ್ಚಾಗಿದೆಯೇ ನೋಡಿ.

ಇದೇ ಚೌಕದಿಂದ ಮುಂದೆ

ನಷ್ಟ ಕಡಿಮೆಯಿರುವ ಲ್ಯಾಮಿನೇಟ್ ಹಾಕಿದರೆ ಇದೇ ಚೌಕ ಹೀರುವುದನ್ನು ಬಿಟ್ಟು ಫೇಸ್ ಬದಲಿಸುವ ಕನ್ನಡಿಯಾಗುತ್ತದೆ. ಬದಿಯನ್ನು ಚೌಕದಿಂದ ಚೌಕಕ್ಕೆ ಸ್ವಲ್ಪಸ್ವಲ್ಪವೇ ಬದಲಿಸಿ, 60 ಮಿ.ಮೀ. ದೂರದಲ್ಲಿ ಫೇಸ್ ಒಂದು ಪೂರ್ಣ ಸುತ್ತು ಹಾಕುವಂತೆ ಮಾಡಿ. ನೇರವಾಗಿ ಬಿದ್ದ 30 ಮಿ.ಮೀ. ತರಂಗ 30 ಡಿಗ್ರಿ ಓರೆಯಾಗಿ ಹಿಂದಿರುಗುತ್ತದೆ: 30ನ್ನು 60ರಿಂದ ಭಾಗಿಸಿದರೆ ಅರ್ಧ, ಅದು 30 ಡಿಗ್ರಿಯ ಸೈನ್. ಚೌಕಗಳ ನಡುವೆ ವರಾಕ್ಟರ್ ಡಯೋಡ್ (ವೋಲ್ಟೇಜಿಗೆ ತಕ್ಕಂತೆ ಕೆಪಾಸಿಟೆನ್ಸ್ ಬದಲಿಸುವ ಡಯೋಡ್) ಬೆಸೆದು ವೋಲ್ಟೇಜ್ ಕೊಟ್ಟರೆ ಆ ಕೋನವನ್ನು ಕುಳಿತಲ್ಲಿಂದಲೇ ಬದಲಿಸಬಹುದು. ಅದಕ್ಕೆ ಹೊರಡುವವರು ಮೊದಲು ಹೆಜ್ಜೆ 4ರ ಫೇಸ್ ವಕ್ರರೇಖೆಯನ್ನು ಬದಿ 6ರಿಂದ 8.5 ಮಿ.ಮೀ.ವರೆಗೆ ಬರೆದಿಟ್ಟುಕೊಳ್ಳಿ, ಯಾವ ಜಾಗಕ್ಕೆ ಯಾವ ಗಾತ್ರದ ಚೌಕ ಎಂಬುದನ್ನು ಆ ಒಂದು ರೇಖೆಯಿಂದಲೇ ಆರಿಸಬೇಕು.